ಟವರ್ ಸಿಗದ ಊರಿಗೆ ಯಾವ ಬೀಗ? ಮೂರು ಪಾಸ್‌ವರ್ಡ್ ಮ್ಯಾನೇಜರ್‌ಗಳ ವಿಮರ್ಶೆ

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆಗೋ, ಹೊಸನಗರ ದಾಟಿ ಬಿದನೂರು ನಗರದ ಕಡೆಗೋ ಹೊರಟರೆ ಫೋನಿನ ಸಿಗ್ನಲ್ ಗೀಟುಗಳು ಒಂದೊಂದಾಗಿ ಇಳಿಯುತ್ತವೆ. ಮಳೆಗಾಲ ಬಂತೆಂದರೆ ಕರೆಂಟೂ ಇಲ್ಲ. ಟವರಿನ ಬ್ಯಾಟರಿ ಮುಗಿದ ಮೇಲೆ ಜಗಲಿಯ ಮೂಲೆಯಲ್ಲಿ ಸಿಗುತ್ತಿದ್ದ ಆ ಒಂದು ಗೀಟೂ ಹೋಗುತ್ತದೆ. ಒಟಿಪಿ ಬರುವುದು ಗುಡ್ಡ ಹತ್ತಿದ ಮೇಲೆ, ಅಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಪಾಸ್‌ವರ್ಡುಗಳನ್ನೆಲ್ಲ ಬೀಗ ಹಾಕಿದ ಒಂದೇ ಪೆಟ್ಟಿಗೆಯಲ್ಲಿಟ್ಟು ಬೇಕಾದಾಗ ತುಂಬಿಕೊಡುವ ಆ್ಯಪ್‌ಗಳು ಪಾಸ್‌ವರ್ಡ್ ಮ್ಯಾನೇಜರ್‌ಗಳು. ಅವುಗಳ ಬಗ್ಗೆ ಸಿಗುವ ವಿಮರ್ಶೆಗಳಲ್ಲಿ ಹೆಚ್ಚಿನವು ಸದಾ ನೆಟ್ ಇರುವವರಿಗಾಗಿ ಬರೆದವು. ಹಾಗಾಗಿ ಇಲ್ಲಿ ಕೇಳಿಕೊಂಡ ಪ್ರಶ್ನೆಗಳೇ ಬೇರೆ. ನೆಟ್ ಇಲ್ಲದಾಗ ತೆರೆಯುತ್ತದೆಯೇ? ಮನೆಮಂದಿಯೆಲ್ಲ ಮುಟ್ಟುವ ಫೋನಿನಲ್ಲಿ ಎಷ್ಟು ಭದ್ರ? ಫೋನ್ ಹೊಳೆಗೆ ಬಿದ್ದರೆ ಏನು ಗತಿ? ಇಂಗ್ಲಿಷ್ ಅಷ್ಟಕ್ಕಷ್ಟೇ ಆದವರು ನಿಭಾಯಿಸಬಹುದೇ?

ತೂಗಿ ನೋಡಿರುವುದು ಮೂರನ್ನು: ಆಂಡ್ರಾಯ್ಡ್ ಫೋನಿನ ಜೊತೆಗೇ ಬರುವ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್, ಬಿಟ್‌ವಾರ್ಡನ್‌ನ ಉಚಿತ ಆವೃತ್ತಿ, ಕೀಪಾಸ್‌ಡಿಎಕ್ಸ್. ಇವುಗಳ ಪಕ್ಕದಲ್ಲಿ ಕೂರಬೇಕಾದ, ಒಟಿಪಿಯಂಥ ಕೋಡನ್ನು ಫೋನಿನಲ್ಲೇ ತಯಾರಿಸುವ ಏಜಿಸ್ ಎಂಬ ಆ್ಯಪ್ ಕೂಡ ಸೇರಿದೆ. ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ.

ಕಳ್ಳ ಬರುವ ದಾರಿಗಳು

ಬೀಗದ ಮಾತಿಗೆ ಮೊದಲು ಕಳ್ಳ ಎಲ್ಲಿಂದ ನುಗ್ಗುತ್ತಾನೆ ಎಂದು ನೋಡಬೇಕು. ಯಾರೋ ಕೂತು ನಿಮ್ಮ ಪಾಸ್‌ವರ್ಡ್ ಊಹಿಸುತ್ತಾನೆ ಎಂಬುದು ಸಿನಿಮಾದ ಮಾತು. ನಿಜದಲ್ಲಿ ಆಗುವುದು ಹೀಗೆ: ಯಾವುದೋ ಶಾಪಿಂಗ್ ತಾಣದ ಮಾಹಿತಿ ಸೋರುತ್ತದೆ. ಅದರಲ್ಲಿದ್ದ ಇಮೇಲ್, ಪಾಸ್‌ವರ್ಡ್ ಜೋಡಿಯನ್ನು ಯಂತ್ರವೊಂದು ಜಿಮೇಲ್, ಫೇಸ್‌ಬುಕ್, ಅಮೆಜಾನ್ ಎಂದು ಸಿಕ್ಕಸಿಕ್ಕ ಬಾಗಿಲಿಗೆಲ್ಲ ತೂರಿಸಿ ನೋಡುತ್ತದೆ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಟ್ಟವರ ಬಾಗಿಲು ತೆರೆದುಕೊಳ್ಳುತ್ತದೆ. ನಿಮ್ಮ ಇಮೇಲ್ ಇಂಥ ಸೋರಿಕೆಯಲ್ಲಿ ಸಿಕ್ಕಿದೆಯೇ ಎಂದು ನೋಡಲು ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ‘ಹ್ಯಾವ್ ಐ ಬೀನ್ ಪೌನ್ಡ್’ ತಾಣ ಇದೆ. ಅಲ್ಲಿ ಪಾಸ್‌ವರ್ಡನ್ನೂ ಪರೀಕ್ಷಿಸಬಹುದು. ಪಾಸ್‌ವರ್ಡ್ ಇಡಿಯಾಗಿ ಆಚೆ ಹೋಗುವುದಿಲ್ಲ. ಅದನ್ನು ಅರೆದು ಮಾಡಿದ ಹ್ಯಾಶ್‌ನ ಮೊದಲ ಐದು ಅಕ್ಷರ ಮಾತ್ರ ಹೋಗುತ್ತದೆ, ಹೋಲಿಕೆ ನಡೆಯುವುದು ನಿಮ್ಮ ಫೋನಿನಲ್ಲೇ.

ಎರಡನೆಯದು ನಕಲಿ ಪುಟ. ‘ನಿಮ್ಮ ವಿದ್ಯುತ್ ಬಿಲ್ ಬಾಕಿ ಇದೆ, ಇಂದು ರಾತ್ರಿ 9.30ಕ್ಕೆ ಸಂಪರ್ಕ ಕಡಿತ’ ಎಂಬ ಮೆಸೇಜು ದೇಶವೆಲ್ಲ ತಿರುಗಿದೆ, ಮೆಸ್ಕಾಂ ಗ್ರಾಹಕರನ್ನೂ ಬಿಟ್ಟಿಲ್ಲ. (ಆಷಾಢದಲ್ಲಿ ಮಲೆನಾಡಿನವರಿಗೆ ಕರೆಂಟ್ ತೆಗೆಯುತ್ತೇನೆಂದು ಹೆದರಿಸುವವನ ಧೈರ್ಯ ಮೆಚ್ಚಬೇಕು.) ಬ್ಯಾಂಕಿನ ಹೆಸರಿನ ಮೆಸೇಜು ಹತ್ತಂಕಿಯ ಮಾಮೂಲಿ ನಂಬರಿನಿಂದ ಬಂದರೆ ಅಲ್ಲಿಗೇ ಬಿಡಿ. ಅಸಲಿ ಸಂಸ್ಥೆಯ ಮೆಸೇಜಿಗೆ ನಂಬರ್ ಇರುವುದಿಲ್ಲ, ಅಕ್ಷರಗಳ ಹೆಸರಿರುತ್ತದೆ. ಆ ಹೆಸರಿನ ಕೊನೆಗೆ ಅಡ್ಡಗೆರೆ ಎಳೆದು ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ: ಜಾಹೀರಾತಿಗೆ ಪಿ, ಸೇವೆಗೆ ಎಸ್, ವ್ಯವಹಾರಕ್ಕೆ ಟಿ, ಸರ್ಕಾರಕ್ಕೆ ಜಿ.

ಮೂರನೆಯದು ವಾಟ್ಸಾಪಿನಲ್ಲಿ ಬರುವ ಎಪಿಕೆ, ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲು. ಹೆಸರು ‘ಆರ್‌ಟಿಒ ಚಲನ್’ ಅಂತಲೋ, ‘ಪಿಎಂ ಕಿಸಾನ್’ ಅಂತಲೋ, ಮದುವೆ ಕರೆಯೋಲೆ ಅಂತಲೋ ಇರುತ್ತದೆ. ಕಳಿಸಿದವರು ನಿಮ್ಮ ಭಾವನೋ ಸೊಸೈಟಿಯ ಪರಿಚಯದವರೋ ಆಗಿರುತ್ತಾರೆ. ಅವರ ಫೋನು ಮೊದಲೇ ಕೆಟ್ಟಿದೆ, ಅವರ ಕಾಂಟ್ಯಾಕ್ಟುಗಳಿಗೆಲ್ಲ ಅದೇ ಹಂಚುತ್ತಿದೆ. ಹಾಕಿಕೊಂಡ ತಕ್ಷಣ ಅದು ಕೇಳುವುದು ಎಸ್‌ಎಂಎಸ್ ಓದುವ ಅನುಮತಿ, ಆಮೇಲೆ ‘ಆ್ಯಕ್ಸೆಸಿಬಿಲಿಟಿ’, ಅಂದರೆ ಪರದೆಯಲ್ಲಿರುವುದನ್ನು ಓದಿ ತಾನೇ ಒತ್ತುವ ಅನುಮತಿ. ಎರಡೂ ಸಿಕ್ಕರೆ ಒಟಿಪಿ ನಿಮಗೆ ಕಾಣುವ ಮೊದಲು ಅವನಿಗೆ ಕಾಣುತ್ತದೆ. ಕರೆಯೋಲೆ ಫೋಟೋ ಆಗಿರುತ್ತದೆ, ಪಿಡಿಎಫ್ ಆಗಿರುತ್ತದೆ, ವಿಡಿಯೊ ಆಗಿರುತ್ತದೆ. ಅದು ‘ಇನ್‌ಸ್ಟಾಲ್’ ಮಾಡಿ ಎಂದು ಕೇಳಬಾರದು.

ನಾಲ್ಕನೆಯ ದಾರಿಯ ಬಗ್ಗೆ ಶಿವಮೊಗ್ಗದ ಸ್ಟುಡಿಯೊ, ಡಿಟಿಪಿ ಅಂಗಡಿಗಳು ಹೆಚ್ಚು ಯೋಚಿಸಬೇಕು. ಕೋರೆಲ್‌ಡ್ರಾ, ಫೋಟೋಶಾಪ್‌ಗಳ ‘ಕ್ರ್ಯಾಕ್’ ಪ್ರತಿ ಹಾಕುವಾಗ ಮೊದಲು ಆ್ಯಂಟಿವೈರಸ್ ಆಫ್ ಮಾಡಿ ಎಂದು ಬರೆದಿರುತ್ತದಲ್ಲ, ಆ ಹೊತ್ತಿನಲ್ಲಿ ಒಳಬರುವುದು ಮಾಹಿತಿ ಕದಿಯುವ ತಂತ್ರಾಂಶ. ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡುಗಳನ್ನೂ ಕುಕೀಗಳನ್ನೂ ಕೆಲವೇ ನಿಮಿಷದಲ್ಲಿ ಗಂಟು ಕಟ್ಟಿ ಕಳಿಸುತ್ತದೆ. ಕುಕೀ ಎಂದರೆ ‘ಇವರು ಆಗಲೇ ಒಳಗೆ ಬಂದವರು’ ಎಂಬ ಚೀಟಿ. ಆ ಚೀಟಿ ಇದ್ದವನಿಗೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ. ಇಂಥ ತಂತ್ರಾಂಶಗಳಲ್ಲಿ ರೆಡ್‌ಲೈನ್ ಎಂಬುದರ ಜಾಲವನ್ನು ಪೊಲೀಸರು ಅಕ್ಟೋಬರ್ 2024ರಲ್ಲಿ, ಲುಮ್ಮಾ ಎಂಬುದರ ಜಾಲವನ್ನು ಮೈಕ್ರೋಸಾಫ್ಟ್ ಮತ್ತು ಅಮೆರಿಕದ ನ್ಯಾಯ ಇಲಾಖೆ ಮೇ 2025ರಲ್ಲಿ ಕೆಡವಿದರು. ಕಸುಬು ನಿಂತಿಲ್ಲ. ಇಂಥದ್ದು ಹೊಕ್ಕ ಕಂಪ್ಯೂಟರಿನಲ್ಲೇ ಕೂತು ಪಾಸ್‌ವರ್ಡ್ ಬದಲಿಸಿದರೆ ಹೊಸದನ್ನೂ ಅವನ ಕೈಗೇ ಕೊಟ್ಟಂತೆ. ಬೇರೆ ಶುದ್ಧ ಫೋನಿನಿಂದ ಬದಲಿಸಿ, ಎಲ್ಲ ಸಾಧನಗಳಿಂದಲೂ ‘ಸೈನ್ ಔಟ್’ ಮಾಡಿ. ಆಮೇಲೆ ಆ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಸಿ.

ಐದನೆಯದು ಕಳ್ಳತನವೇ ಅಲ್ಲ, ನಮ್ಮ ಅಸಡ್ಡೆ. ಒಂದು ಕಂಪನಿಯ ಟವರ್ ಸಿಗುವುದಿಲ್ಲವೆಂದು ಸಿಮ್ ಬಿಸಾಡಿ ಇನ್ನೊಂದು ಕಂಪನಿಯ ಹೊಸ ನಂಬರ್ ತೆಗೆದುಕೊಳ್ಳುವುದು ನಮ್ಮ ಕಡೆ ಸಾಮಾನ್ಯ. ಬಂದ್ ಆದ ನಂಬರನ್ನು 90 ದಿನದವರೆಗೆ ಬೇರೆಯವರಿಗೆ ಕೊಡುವುದಿಲ್ಲ. ಆಮೇಲೆ ಕೊಡಬಹುದು. ನಿಮ್ಮ ಜಿಮೇಲ್‌ಗೆ ಆ ಹಳೆಯ ನಂಬರೇ ಜೋಡಣೆಯಾಗಿ ಉಳಿದಿದ್ದರೆ ‘ಪಾಸ್‌ವರ್ಡ್ ಮರೆತಿದ್ದೀರಾ’ ಎಂಬುದರ ಕೋಡು ಯಾವುದೋ ಊರಿನ ಯಾರಿಗೋ ಹೋಗುತ್ತದೆ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸಿ, ಅದು ಆಗದಿದ್ದರೆ ಮೊದಲು ಬ್ಯಾಂಕು, ಇಮೇಲ್, ಆಧಾರ್‌ಗಳಲ್ಲಿ ನಂಬರ್ ಬದಲಿಸಿ, ಸಿಮ್ ಬಿಸಾಡುವುದು ಕೊನೆಯ ಕೆಲಸ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು 2023ರಲ್ಲಿ ಬಂದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು.

ಬಿಟ್‌ವಾರ್ಡನ್

ಮೂರರಲ್ಲಿ ನಮ್ಮ ಮತ ಇದಕ್ಕೆ. ಕಾರಣ ಚಂದದ ಪರದೆಯಲ್ಲ, ಅದು ವಿಳಾಸ ನೋಡುವ ರೀತಿ. ನಕಲಿ ಪುಟ ನಮ್ಮ ಕಣ್ಣಿಗೆ ಅಸಲಿಯ ಹಾಗೇ ಕಾಣುತ್ತದೆ: ಅದೇ ಲೋಗೊ, ಅದೇ ನೀಲಿ. ಮ್ಯಾನೇಜರ್ ಮುಖ ನೋಡುವುದಿಲ್ಲ, ಉಳಿಸಿಟ್ಟ ವಿಳಾಸಕ್ಕೂ ಈಗ ತೆರೆದಿರುವ ವಿಳಾಸಕ್ಕೂ ತಾಳೆ ನೋಡುತ್ತದೆ. ಮನೆನಾಯಿ ವೇಷ ನೋಡದೆ ವಾಸನೆ ನೋಡುವ ಹಾಗೆ. ಒಂದಕ್ಷರ ಬೇರೆಯಾದರೂ ತುಂಬಲು ಒಪ್ಪುವುದಿಲ್ಲ. ಪಾಸ್‌ವರ್ಡ್ ತಾನಾಗಿ ಬಾರದಿದ್ದಾಗ ‘ಆ್ಯಪ್ ಕೆಟ್ಟಿದೆ’ ಎಂದು ಬೈದು ಕಾಪಿ-ಪೇಸ್ಟ್ ಮಾಡುವುದೇ ಜನ ಮಾಡುವ ದೊಡ್ಡ ತಪ್ಪು. ಅದು ಬಾರದೆ ಇದ್ದದ್ದೇ ಎಚ್ಚರಿಕೆ. (ಗೂಗಲ್ಲಿನದೂ ಕೀಪಾಸ್ಸೂ ಈ ತಾಳೆ ನೋಡುತ್ತವೆ, ಆದರೆ ಬಿಟ್‌ವಾರ್ಡನ್‌ನಲ್ಲಿ ಒಂದು ಖಾತೆಗೆ ಯಾವ ಯಾವ ವಿಳಾಸ ಸೇರಿದೆ ಎಂದು ತೆರೆದು ನೋಡಿ ತಿದ್ದುವುದು ಸಲೀಸು.)

ಈಚೆಗೆ ಇದಕ್ಕೊಂದು ತೊಡಕು ಸೇರಿದೆ. ಬ್ಯಾಂಕುಗಳೆಲ್ಲ 31 ಅಕ್ಟೋಬರ್ 2025ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಹೋಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ನಮಗೆ ಇದು ಒಳ್ಳೆಯದೇ, ಆ ಬಾಲ ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಆದರೆ ಹಳೆಯ ವಿಳಾಸಕ್ಕೆ ಉಳಿಸಿದ್ದ ಪಾಸ್‌ವರ್ಡ್ ಹೊಸದರಲ್ಲಿ ತುಂಬುವುದಿಲ್ಲ. ಮೆಸೇಜಿನ ಲಿಂಕಿನಿಂದ ಬರದೆ ಪಾಸ್‌ಬುಕ್ಕಿನಲ್ಲೋ ಶಾಖೆಯ ಬೋರ್ಡಿನಲ್ಲೋ ಇರುವ ವಿಳಾಸವನ್ನು ಕೈಯಾರೆ ಟೈಪಿಸಿ ತೆರೆಯಿರಿ. ಸರಿ ಎಂದು ಖಾತ್ರಿಯಾದ ಮೇಲೆ ಆ ಖಾತೆಯ ‘ಎಡಿಟ್’ ಒಳಗೆ ಹೊಸ ವಿಳಾಸ ಸೇರಿಸಿ. ಒಂದು ಸಲದ ಕೆಲಸ.

ಖಾತೆ ತೆರೆಯುವಾಗ ಎಡವುವ ಜಾಗಗಳನ್ನು ಹೇಳಿಬಿಡುತ್ತೇವೆ. ಮೊದಲ ಪರದೆಯಲ್ಲೇ ಸರ್ವರ್ ಯಾವುದು ಎಂಬ ಆಯ್ಕೆ ಇದೆ: ಅಮೆರಿಕದ ‘ಡಾಟ್ ಕಾಮ್’ ಅಥವಾ ಯುರೋಪಿನ ‘ಡಾಟ್ ಇಯು’. ಎರಡೂ ಬೇರೆ ಬೇರೆ ಲೋಕ. ಒಂದರಲ್ಲಿ ಖಾತೆ ಮಾಡಿ ಇನ್ನೊಂದರಲ್ಲಿ ಬಾಗಿಲು ತಟ್ಟಿದರೆ ಸರಿಯಾದ ಪಾಸ್‌ವರ್ಡಿಗೂ ‘ತಪ್ಪು’ ಎನ್ನುತ್ತದೆ. ಯಾವುದು ಆರಿಸಿದಿರಿ ಎಂದು ಬರೆದಿಡಿ.

ಆಮೇಲೆ ಇಡೀ ಪೆಟ್ಟಿಗೆಯನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್. ಕನಿಷ್ಠ 12 ಅಕ್ಷರ ಕೇಳುತ್ತದೆ. ನಮ್ಮ ಸಲಹೆ ಸಂಬಂಧವಿಲ್ಲದ ಆರು ಪದ. ದಾಳ ಉರುಳಿಸಿ ಪದ ಆರಿಸುವ ಪದ್ಧತಿಯಲ್ಲಿ ಪಟ್ಟಿಯಲ್ಲಿರುವುದು 7,776 ಪದಗಳು, ಐದು ದಾಳಕ್ಕೆ ಒಂದು ಪದ. ಹಾಗೆ ಆರಿಸಿದ ಆರು ಪದಗಳನ್ನು ಒಂದೊಂದಾಗಿ ಹಚ್ಚಿ ನೋಡಿ ಮುಗಿಸುವುದು ಯಾವ ಕಳ್ಳನಿಂದಲೂ ಆಗುವ ಮಾತಲ್ಲ. ಕನ್ನಡ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬಹುದು, ಆದರೆ ಇಲ್ಲೊಂದು ಗುಂಡಿ ಇದೆ. ‘ಹಾಳೆ’ಗೆ ಒಂದು ಎ ಹಾಕಿದಿರೋ ಎರಡೋ, ‘ಉಂಬಳ’ದ ಳ ದೊಡ್ಡಕ್ಷರವೋ ಸಣ್ಣದೋ, ‘ಛತ್ರಿ’ಯಲ್ಲಿ ಎಚ್ ಒಂದೋ ಎರಡೋ. ಆರು ತಿಂಗಳ ನಂತರ ನೆನಪಿರುವುದು ಪದ, ಸ್ಪೆಲ್ಲಿಂಗ್ ಅಲ್ಲ. ಎಳೆದು ಹೇಳುವ ಸ್ವರ, ಮಹಾಪ್ರಾಣ, ಳ-ಣ ಇಲ್ಲದ ‘ಕಂಬಳಿ’ಯಂಥ ಪದಗಳನ್ನೇ ಆರಿಸಿ ಎನ್ನಲು ಹೊರಟರೆ ಅದರಲ್ಲೂ ಳ ಇದೆ ನೋಡಿ! ಹಾಗಾಗಿ ಒಂದೇ ನಿಯಮ: ಎಲ್ಲ ಸಣ್ಣಕ್ಷರ, ದೀರ್ಘಕ್ಕೂ ಒಂದೇ ಸ್ವರ, ಪದದ ನಡುವೆ ಒಂದು ಅಡ್ಡಗೆರೆ. ಗಾದೆ, ವಚನ, ಹಾಡಿನ ಸಾಲು ಬೇಡ. ನಾಲ್ಕು ಜನರಿಗೆ ಬಾಯಿಪಾಠ ಇರುವುದು ಕಳ್ಳನ ಪಟ್ಟಿಯಲ್ಲೂ ಇರುತ್ತದೆ. ಇದನ್ನು ಮರೆತರೆ ಬಿಟ್‌ವಾರ್ಡನ್ ಕಂಪನಿಯೂ ತೆಗೆದುಕೊಡಲಾರದು, ಬೀಗ ಹಾಕುವ ಕೆಲಸ ನಡೆಯುವುದು ನಿಮ್ಮ ಫೋನಿನಲ್ಲಿ, ಅವರ ಹತ್ತಿರ ಇರುವುದು ಬೀಗ ಹಾಕಿದ ಪೆಟ್ಟಿಗೆ ಮಾತ್ರ.

ಬೆರಳಚ್ಚಿನಿಂದ ತೆರೆಯುವ ಅನುಕೂಲ ಇದೆ, ಮರೆವಿಗೆ ಅದೇ ಮೂಲ. ದಿನವೂ ಬೆರಳಿಟ್ಟು ತೆರೆದವರಿಗೆ ಮಾಸ್ಟರ್ ಪಾಸ್‌ವರ್ಡ್ ಮೂರೇ ತಿಂಗಳಿಗೆ ಮಸುಕಾಗುತ್ತದೆ. ಅಡಿಕೆ ಸುಲಿತದ ದಿನಗಳಲ್ಲಂತೂ ಚೊಗರು ಹಿಡಿದ, ಮೆಟ್ಟುಗತ್ತಿ ಗೀರಿದ ಬೆರಳನ್ನು ಫೋನು ಗುರುತಿಸುವುದೇ ಕಷ್ಟ. ಮೊದಲ ಎರಡು ತಿಂಗಳು ವಾರಕ್ಕೊಮ್ಮೆಯಾದರೂ ಕೈಯಾರೆ ಟೈಪಿಸಿ.

ನೆಟ್ ಇಲ್ಲದಾಗ? ತೆರೆಯುತ್ತದೆ. ಉಳಿಸಿದ್ದೆಲ್ಲ ಓದಬಹುದು, ಹೊಸದನ್ನು ಸೇರಿಸುವುದಕ್ಕೆ, ತಿದ್ದುವುದಕ್ಕೆ ನೆಟ್ ಬೇಕು. ಆದರೆ ಸೆಟ್ಟಿಂಗ್ಸ್‌ನಲ್ಲಿ ಒಂದು ನೋಡಿಕೊಳ್ಳಿ: ಸಮಯ ಮೀರಿದಾಗ ಏನು ಮಾಡಬೇಕು ಎಂಬಲ್ಲಿ ‘ಲಾಕ್’ ಇರಲಿ, ‘ಲಾಗ್ ಔಟ್’ ಬೇಡ. ಲಾಗ್ ಔಟ್ ಆದ ಪೆಟ್ಟಿಗೆಯನ್ನು ನೆಟ್ ಇಲ್ಲದೆ ತೆರೆಯಲಾಗದು. ಮಳೆಗಾಲದಲ್ಲಿ ಈ ಒಂದು ಆಯ್ಕೆಯೇ ಆ್ಯಪ್ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುತ್ತದೆ.

ಕ್ರೋಮ್‌ನಲ್ಲಿದ್ದ ಹಳೆಯ ಪಾಸ್‌ವರ್ಡುಗಳನ್ನು ಸಿಎಸ್‌ವಿ ಫೈಲಾಗಿ ಇಳಿಸಿ ಇದರೊಳಗೆ ತುಂಬಬಹುದು. ಆ ಫೈಲು ಬೀಗವಿಲ್ಲದ ಬರಿಯ ಪಠ್ಯ. ತುಂಬಿದ ಮರುಕ್ಷಣ ‘ಡೌನ್‌ಲೋಡ್ಸ್’ನಿಂದ ಅಳಿಸಿ, ಕಸದ ಬುಟ್ಟಿಯಿಂದಲೂ ಅಳಿಸಿ. ಆಂಡ್ರಾಯ್ಡ್ ಕ್ರೋಮ್‌ನೊಳಗೆ ಬಿಟ್‌ವಾರ್ಡನ್ ತಾನಾಗಿ ತುಂಬಬೇಕಾದರೆ ಫೋನಿನ ಸೆಟ್ಟಿಂಗ್ ಒಂದೇ ಸಾಲದು, ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಆಟೋಫಿಲ್ ಸರ್ವಿಸಸ್’ಗೆ ಹೋಗಿ ಬೇರೆ ಸೇವೆ ಬಳಸುವ ಆಯ್ಕೆಯನ್ನೂ ಒತ್ತಬೇಕು. ಅರ್ಧ ಜನ ಇಲ್ಲೇ ಸೋತು ಆ್ಯಪ್ ತೆಗೆದುಹಾಕುತ್ತಾರೆ.

ಇನ್ನೊಂದು ಸುಳಿ: ಎರಡು ಹಂತದ ಭದ್ರತೆ (ಪಾಸ್‌ವರ್ಡಿನ ಜೊತೆ ಇನ್ನೊಂದು ಕೋಡನ್ನೂ ಕೇಳುವುದು) ಹಾಕಿಕೊಳ್ಳದ ಖಾತೆಗೆ ಹೊಸ ಫೋನಿನಿಂದ ಹೋದರೆ ಬಿಟ್‌ವಾರ್ಡನ್ ಇಮೇಲಿಗೆ ಕೋಡ್ ಕಳಿಸುತ್ತದೆ. ಇಮೇಲಿನ ಪಾಸ್‌ವರ್ಡ್ ಎಲ್ಲಿದೆ? ಬಿಟ್‌ವಾರ್ಡನ್ ಒಳಗೆ. ಕೀಲಿಯನ್ನು ಮನೆಯೊಳಗಿಟ್ಟು ಬಾಗಿಲೆಳೆದುಕೊಂಡ ಸ್ಥಿತಿ. ಮೊದಲ ದಿನವೇ ವೆಬ್ ವಾಲ್ಟ್‌ನಲ್ಲಿ (ಬ್ರೌಸರಿನಲ್ಲಿ ತೆರೆಯುವ ನಿಮ್ಮ ಪೆಟ್ಟಿಗೆ) ಎರಡು ಹಂತದ ಲಾಗಿನ್ ಹಾಕಿ, ಅದು ಕೊಡುವ 32 ಅಕ್ಷರದ ರಿಕವರಿ ಕೋಡನ್ನು ಕಾಗದಕ್ಕಿಳಿಸಿ.

ಕೊರತೆಗಳು? ಕನ್ನಡ ಅನುವಾದ ಪೂರ್ತಿಯಾಗಿಲ್ಲ. ನಿಮಗೇನಾದರೂ ಆದರೆ ಮನೆಯವರಿಗೆ ಪೆಟ್ಟಿಗೆ ಸಿಗುವ ‘ತುರ್ತು ಪ್ರವೇಶ’ದ ವ್ಯವಸ್ಥೆ ದುಡ್ಡು ಕೊಟ್ಟವರಿಗೆ ಮಾತ್ರ. ಮತ್ತೆ, ಪೆಟ್ಟಿಗೆ ಇರುವುದು ಬೇರೆಯವರ ಸರ್ವರಿನಲ್ಲಿ ಎಂಬ ಅಳುಕು ಸುಳ್ಳಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇನ್ನೊಂದು ಕಂಪನಿಯಿಂದ ಗ್ರಾಹಕರ ಪೆಟ್ಟಿಗೆಗಳ ಪ್ರತಿಗಳೇ ಕಳವಾದವು. ಅಲ್ಲಿ ಅಪಾಯಕ್ಕೆ ಸಿಕ್ಕವರು ಮುಖ್ಯವಾಗಿ ದುರ್ಬಲ ಮಾಸ್ಟರ್ ಪಾಸ್‌ವರ್ಡಿನವರು. ಆರು ಪದ ಎಂದು ಮೇಲೆ ಹೇಳಿದ್ದು ಸುಮ್ಮನೆ ಅಲ್ಲ.

ಗೂಗಲ್ಲಿನದು, ಕೀಪಾಸ್‌ಡಿಎಕ್ಸ್

ಗೂಗಲ್ ಪಾಸ್‌ವರ್ಡ್ ಮ್ಯಾನೇಜರಿನ ದೊಡ್ಡ ಗುಣ ಅದು ಆಗಲೇ ಫೋನಿನಲ್ಲಿರುವುದು. ಹಾಕಿಕೊಳ್ಳುವ, ಕಲಿಯುವ ರಗಳೆ ಇಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನಿಂದ ಅದರೊಳಗೆ ಹೋಗಿ ‘ಚೆಕಪ್’ ಒತ್ತಿದರೆ ಸೋರಿದ, ಮರುಬಳಸಿದ, ದುರ್ಬಲ ಎಂದು ಮೂರು ಗುಂಪು ಮಾಡಿ ತೋರಿಸುತ್ತದೆ. ಇವತ್ತೇ ಅದನ್ನು ಮಾಡಿ, ಬೇರೆ ಆ್ಯಪ್ ಬೇಕೋ ಬೇಡವೋ ಆಮೇಲೆ ನೋಡೋಣ.

ತೊಂದರೆ ಎರಡು. ಫೋನಿನ ಪಿನ್ ಗೊತ್ತಿದ್ದವರಿಗೆ ಉಳಿಸಿದ್ದೆಲ್ಲ ಕಾಣುತ್ತದೆ. ಮಕ್ಕಳಿಗೆ ಗೇಮಿಗೆ, ಆಳಿಗೆ ಟಾರ್ಚಿಗೆ ಎಂದು ಪಿನ್ ಊರಿಗೆಲ್ಲ ಹೇಳಿಟ್ಟ ಮನೆಗಳಲ್ಲಿ ಇದು ದಣಪೆ ಇಲ್ಲದ ತೋಟ. ಎರಡನೆಯದು, ಗೂಗಲ್ ಖಾತೆ ಒಂದು ಹೋದರೆ ಅದರ ಜೊತೆ ಮಿಕ್ಕಿದ್ದೆಲ್ಲ ಹೋಗುತ್ತದೆ. ಇದನ್ನೇ ಬಳಸುವವರು ಗೂಗಲ್ ಖಾತೆಗೆ ಪಾಸ್‌ಕೀ (ಪಾಸ್‌ವರ್ಡಿನ ಬದಲು ಬೆರಳಿಟ್ಟು ಒಳಹೋಗುವ ಕೀಲಿ, ವಿವರ ಮುಂದಿದೆ) ಹಾಕಲೇಬೇಕು.

ಕೀಪಾಸ್‌ಡಿಎಕ್ಸ್‌ಗೆ ಸರ್ವರೇ ಇಲ್ಲ. ಎಲ್ಲವೂ ನಿಮ್ಮ ಫೋನಿನ ಒಂದು ಫೈಲಿನಲ್ಲಿ. ನೆಟ್ ಇಲ್ಲದೆಯೂ ಸೇರಿಸಬಹುದು, ತಿದ್ದಬಹುದು, ಆ ಲೆಕ್ಕದಲ್ಲಿ ಇದೇ ಮಲೆನಾಡಿನ ಆ್ಯಪ್. ಅದೇ ಫೈಲನ್ನು ಕಂಪ್ಯೂಟರಿನಲ್ಲಿ ಕೀಪಾಸ್‌ಎಕ್ಸ್‌ಸಿ ತೆರೆಯುತ್ತದೆ. ಆದರೆ ಪ್ರತಿ ಇಟ್ಟುಕೊಳ್ಳುವ ಹೊಣೆ ಪೂರ್ತಿ ನಿಮ್ಮದು. ಫೋನು ಭದ್ರಾ ನಾಲೆಗೆ ಬಿತ್ತು, ಪೆನ್‌ಡ್ರೈವಿನಲ್ಲಿ ಪ್ರತಿ ಇರಲಿಲ್ಲ ಎಂದರೆ ಕೇಳುವವರಿಲ್ಲ. ಫೋನಿನಲ್ಲೊಂದು ತಿದ್ದುಪಡಿ, ಕಂಪ್ಯೂಟರಿನಲ್ಲೊಂದು ತಿದ್ದುಪಡಿ ಆಗಿ ಎರಡು ಪ್ರತಿ ಬೇರೆಬೇರೆಯಾಗುವುದೂ ಉಂಟು. ತಿಂಗಳಿಗೊಮ್ಮೆ ಬ್ಯಾಕಪ್ ತೆಗೆಯುವ ಶಿಸ್ತು ಇದ್ದವರಿಗೆ ಮಾತ್ರ.

ಸಿಗ್ನಲ್ ಬೇಡದ ಕೋಡ್: ಏಜಿಸ್

ಎಸ್‌ಎಂಎಸ್ ಒಟಿಪಿಗೆ ಟವರ್ ಬೇಕು, ಸಿಮ್ ಬೇಕು. ಎರಡೂ ನಮ್ಮ ಕೈಯಲ್ಲಿಲ್ಲ. ಏಜಿಸ್ ತಯಾರಿಸುವ ಆರಂಕಿಯ ಕೋಡಿಗೆ ಬೇಕಾದ್ದು ಎರಡೇ: ಮೊದಲ ದಿನ ಕ್ಯುಆರ್ ಮೂಲಕ ಫೋನಿಗೆ ಬಂದ ಗುಟ್ಟಿನ ಸಂಖ್ಯೆ ಮತ್ತು ಈಗಿನ ಸಮಯ. ಎರಡನ್ನೂ ಸೇರಿಸಿ ಫೋನು 30 ಸೆಕೆಂಡಿಗೊಂದು ಕೋಡು ಹುಟ್ಟಿಸುತ್ತದೆ, ಆಚೆಯ ಸರ್ವರೂ ಅದೇ ಲೆಕ್ಕ ಮಾಡಿ ಹೋಲಿಸುತ್ತದೆ. ಕುಂದಾದ್ರಿ ಬೆಟ್ಟದ ಹಿಂದೆ ಏರೋಪ್ಲೇನ್ ಮೋಡಿನಲ್ಲಿದ್ದರೂ ಕೋಡು ಬರುತ್ತದೆ.

ಗೂಗಲ್ ಖಾತೆಗೆ ಹಾಕುವುದು ಹೀಗೆ: ‘ಸೆಕ್ಯುರಿಟಿ’ಯಲ್ಲಿ ‘2-ಸ್ಟೆಪ್ ವೆರಿಫಿಕೇಶನ್’, ಅದರಲ್ಲಿ ‘ಆಥೆಂಟಿಕೇಟರ್’, ಕಂಪ್ಯೂಟರಿನಲ್ಲಿ ಕಾಣುವ ಕ್ಯುಆರನ್ನು ಏಜಿಸ್‌ನಿಂದ ಸ್ಕ್ಯಾನ್ ಮಾಡಿ, ಬಂದ ಕೋಡ್ ಹಾಕಿ. ಅಲ್ಲೇ ‘ಬ್ಯಾಕಪ್ ಕೋಡ್ಸ್’ ಇದೆ: ಎಂಟಂಕಿಯ ಹತ್ತು ಕೋಡುಗಳು, ಒಂದೊಂದು ಒಮ್ಮೆ ಮಾತ್ರ ನಡೆಯುತ್ತದೆ. ಬರೆದಿಡಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಅಮೆಜಾನ್, ಮೈಕ್ರೋಸಾಫ್ಟ್‌ಗಳಲ್ಲೂ ಇದೇ ಬಗೆ.

ಕೋಡು ‘ತಪ್ಪು’ ಎಂದು ಬರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪಿರುವುದು ಫೋನಿನ ಗಡಿಯಾರ. ಬ್ಯಾಟರಿ ಪೂರ್ತಿ ಖಾಲಿಯಾಗಿ, ನೆಟ್‌ವರ್ಕ್ ಇಲ್ಲದ ಕಡೆ ಆನ್ ಆದ ಫೋನು ಸಮಯ ತಪ್ಪಿಸಿಕೊಂಡಿರಬಹುದು. ವೈ-ಫೈಗೆ ಜೋಡಿಸಿ ‘ಸ್ವಯಂಚಾಲಿತ ಸಮಯ’ ಆನ್ ಮಾಡಿ. ಏಜಿಸ್‌ನಲ್ಲಿ ಸ್ವಯಂಚಾಲಿತ ಬ್ಯಾಕಪ್ ತಾನಾಗಿ ಆನ್ ಇರುವುದಿಲ್ಲ, ಮೊದಲು ಪಾಸ್‌ವರ್ಡ್ ಇಟ್ಟು ಅದನ್ನು ಆನ್ ಮಾಡಿ, ಫೈಲಿನ ಒಂದು ಪ್ರತಿ ಪೆನ್‌ಡ್ರೈವಿಗೆ ಹಾಕಿ. ಐಫೋನಿಗೆ ಏಜಿಸ್ ಇಲ್ಲ, ಐಒಎಸ್ 18ರಿಂದ ಬಂದಿರುವ ‘ಪಾಸ್‌ವರ್ಡ್ಸ್’ ಆ್ಯಪ್ ಅದೇ ಕೆಲಸ ಮಾಡುತ್ತದೆ.

ಬ್ಯಾಂಕುಗಳ ಮಾತು ಬೇರೆ, ಅಲ್ಲಿ ಇನ್ನೂ ಎಸ್‌ಎಂಎಸ್ಸಿನದೇ ಕಾರುಬಾರು. 1 ಏಪ್ರಿಲ್ 2026ರಿಂದ ಜಾರಿಗೆಂದು ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮಗಳು ಬೇರೆ ವಿಧಾನಗಳಿಗೂ ದಾರಿ ಬಿಟ್ಟಿವೆ, ಯಾವ ಬ್ಯಾಂಕು ಎಷ್ಟು ಬೇಗ ಹೊರಳುತ್ತದೋ ನೋಡಬೇಕು. ಅಲ್ಲಿಯವರೆಗೆ ಮನೆಯಲ್ಲಿ ಫೈಬರ್ ಇದ್ದರೆ ಫೋನಿನಲ್ಲಿ ‘ವೈ-ಫೈ ಕಾಲಿಂಗ್’ ಆನ್ ಮಾಡಿ. ನಿಮ್ಮ ಸಿಮ್ ಕಂಪನಿ ಅದಕ್ಕೆ ಅವಕಾಶ ಕೊಟ್ಟಿದ್ದರೆ ಟವರಿಲ್ಲದೆಯೂ ಮೆಸೇಜು ಬರುತ್ತದೆ. ‘ಮತ್ತೆ ಕಳಿಸಿ’ ಎಂದು ಮೂರು ಸಲ ಒತ್ತಬೇಡಿ. ಮೂರೂ ಒಟ್ಟಿಗೆ ಬಂದಾಗ ಸಾಮಾನ್ಯವಾಗಿ ನಡೆಯುವುದು ಕೊನೆಯದೊಂದೇ, ಮೊದಲನೆಯದನ್ನು ಹಾಕಿ ಹಾಕಿ ಖಾತೆ ಲಾಕ್ ಮಾಡಿಕೊಳ್ಳುತ್ತೀರಿ.

ಏಜಿಸ್‌ಗೂ ಮಿತಿ ಇದೆ. ಈಗಿನ ನಕಲಿ ಪುಟಗಳು ನಡುವೆ ನಿಂತು ನಿಮ್ಮ ಪಾಸ್‌ವರ್ಡ್, ಕೋಡ್ ಎರಡನ್ನೂ ಆ ಕ್ಷಣವೇ ಅಸಲಿ ತಾಣಕ್ಕೆ ದಾಟಿಸಿ ಒಳನುಗ್ಗುತ್ತವೆ. 30 ಸೆಕೆಂಡ್ ಯಂತ್ರಕ್ಕೆ ಧಾರಾಳ. ಈ ಆಟಕ್ಕೆ ಬಗ್ಗದಿರುವುದು ಪಾಸ್‌ಕೀ. ಅಲ್ಲಿ ಹೇಳಿಕೊಡಲು ಪಾಸ್‌ವರ್ಡೇ ಇಲ್ಲ. ಕೀಲಿ ಅಸಲಿ ತಾಣದ ವಿಳಾಸಕ್ಕೇ ಕಟ್ಟಿಹಾಕಿದ್ದು, ನಕಲಿ ಪುಟದಲ್ಲಿ ಬೆರಳಿಟ್ಟರೂ ಏನೂ ಆಗುವುದಿಲ್ಲ. ಗೂಗಲ್ ಖಾತೆಗಳಿಗೆ ಇದು ಮೇ 2023ರಿಂದ ಇದೆ. ಗೂಗಲ್ಲಿನ ಪೆಟ್ಟಿಗೆಯಲ್ಲಿ ಇಡಬಹುದು, ಆಂಡ್ರಾಯ್ಡ್ 14 ಅಥವಾ ಅದಕ್ಕಿಂತ ಹೊಸದಾದರೆ ಬಿಟ್‌ವಾರ್ಡನ್‌ನಲ್ಲೂ ಇಡಬಹುದು. ಎಲ್ಲಿ ಪಾಸ್‌ಕೀ ಸಿಗುತ್ತದೋ ಅಲ್ಲಿ ಅದು, ಸಿಗದ ಕಡೆ ಏಜಿಸ್, ಅದೂ ಇಲ್ಲದ ಕಡೆ ಎಸ್‌ಎಂಎಸ್.

ವಾಟ್ಸಾಪಿಗೆ ಬೇರೆಯೇ ಬೀಗ: ಸೆಟ್ಟಿಂಗ್ಸ್‌ನ ‘ಅಕೌಂಟ್’ ಒಳಗೆ ‘ಟೂ-ಸ್ಟೆಪ್ ವೆರಿಫಿಕೇಶನ್’ ಆನ್ ಮಾಡಿ ಆರಂಕಿಯ ಪಿನ್ ಇಡಿ. ‘ಲಿಂಕ್ಡ್ ಡಿವೈಸಸ್’ನಲ್ಲಿ ನಿಮ್ಮದಲ್ಲದ ಕಂಪ್ಯೂಟರ್ ಇದ್ದರೆ ಕಿತ್ತುಹಾಕಿ.

ಸೇವಾ ಕೇಂದ್ರದ ಜಿಮೇಲ್

ಯಾವ ಆ್ಯಪೂ ಸರಿಪಡಿಸದ ಒಂದು ಸಂಗತಿ ಇದೆ. ಸ್ಕಾಲರ್‌ಶಿಪ್ಪಿಗೋ ಸೇವಾ ಸಿಂಧು ಅರ್ಜಿಗೋ ಪೇಟೆಯ ಕೇಂದ್ರಕ್ಕೆ ಹೋದಾಗ ಅಲ್ಲಿನವರೇ ಜಿಮೇಲ್ ಮಾಡಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಹುಡುಗಿಯ ಹೆಸರು, ಅದರ ಮುಂದೆ ಒಂದು ಸೊನ್ನೆಸುತ್ತಿದ ಎ, ಆಮೇಲೆ 123. ಒಟಿಪಿ ಬೇಗ ಸಿಗಲೆಂದು ಹಾಕಿರುವ ನಂಬರು ಕೇಂದ್ರದ್ದೇ. ದುರುದ್ದೇಶ ಇರಲೇಬೇಕೆಂದಿಲ್ಲ, ಸಾಲು ಉದ್ದ ಇತ್ತು ಅಷ್ಟೆ. ಆದರೆ ಅದೇ ಜಿಮೇಲ್ ಮುಂದೆ ಪಿಯುಸಿಗೆ, ಸಿಇಟಿಗೆ, ಕೆಲಸದ ಅರ್ಜಿಗೆ, ಬ್ಯಾಂಕಿಗೆ ಹೋಗುತ್ತದೆ.

ಬಿಡಿಸಿಕೊಳ್ಳುವುದು ಹೀಗೆ. ನಿಮ್ಮ ಫೋನಿನಲ್ಲಿ ಆ ಖಾತೆಗೆ ಲಾಗಿನ್ ಆಗಿ, ರಿಕವರಿ ಫೋನ್ ಮತ್ತು ರಿಕವರಿ ಇಮೇಲ್ ಬದಲಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿ, ‘ಯುವರ್ ಡಿವೈಸಸ್’ನಲ್ಲಿ ಉಳಿದೆಲ್ಲವನ್ನೂ ಸೈನ್ ಔಟ್ ಮಾಡಿ. ಬದಲಿಸಿದ ನಂತರವೂ ಏಳು ದಿನ ಗೂಗಲ್ ಹಳೆಯ ನಂಬರಿಗೆ ಕೋಡ್ ಕಳಿಸಲು ಒಪ್ಪಬಹುದು, ಆ ವಾರ ಖಾತೆಯ ಮೇಲೆ ಕಣ್ಣಿಡಿ.

ಹೋಗಿಯೇಬಿಟ್ಟಿತು ಎಂದಾಗ

ದುಡ್ಡು ಹೋಗಿದ್ದರೆ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಬ್ಯಾಂಕಿಗೆ ಕರೆ, ಉಳಿದದ್ದೆಲ್ಲ ಆಮೇಲೆ. ಕೈಯಲ್ಲಿ ವ್ಯವಹಾರದ ಉಲ್ಲೇಖ ಸಂಖ್ಯೆ (ಯುಪಿಐ ಆದರೆ 12 ಅಂಕಿ), ಸಮಯ, ಮೊತ್ತ ಇರಲಿ. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್ಲಿನಲ್ಲಿ ದೂರು ದಾಖಲಿಸಿ ಅದರ ನಂಬರ್ ಹಿಡಿದು ಶಿವಮೊಗ್ಗದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಎಂದಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಮೇಲೆ ನಷ್ಟದ ಹೊರೆ ಇಲ್ಲ. ಒಟಿಪಿ ನೀವೇ ಹೇಳಿದ್ದರೂ, ಬ್ಯಾಂಕಿಗೆ ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ನಾಚಿಕೊಂಡು ಕೂತ ಪ್ರತಿ ಗಂಟೆಯ ಖರ್ಚು ನಿಮ್ಮದೇ.

ಎಪಿಕೆ ಹಾಕಿಕೊಂಡಿದ್ದರೆ ಏರೋಪ್ಲೇನ್ ಮೋಡ್ ಒತ್ತಿ, ಸಿಮ್ ತೆಗೆದು ಬೇರೆ ಫೋನಿಗೆ ಹಾಕಿ, ಅಲ್ಲಿಂದ ಪಾಸ್‌ವರ್ಡ್ ಬದಲಿಸಿ. ಕೆಟ್ಟ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವುದೇ ಸರಿ, ಆ್ಯಪ್ ಅಳಿಸಿದರೆ ಸಾಕು ಎನ್ನಬೇಡಿ. ಇಮೇಲ್ ಕೈತಪ್ಪಿ ಮರಳಿ ಸಿಕ್ಕಿದ್ದರೆ ಜಿಮೇಲ್ ಸೆಟ್ಟಿಂಗ್ಸ್‌ನ ‘ಫಿಲ್ಟರ್ಸ್’ ಮತ್ತು ‘ಫಾರ್ವರ್ಡಿಂಗ್’ ತೆರೆದು ನೋಡಿ. ಬ್ಯಾಂಕಿನ ಮೇಲ್ ಬಂದರೆ ನೇರ ಕಸಕ್ಕೆ ಹೋಗಲಿ ಎಂದು ಕಳ್ಳ ಅಲ್ಲೊಂದು ನಿಯಮ ಬರೆದಿಟ್ಟು ಹೋಗಿರುತ್ತಾನೆ. ವಾಟ್ಸಾಪ್ ಕದ್ದಿದ್ದರೆ ನಿಮ್ಮ ನಂಬರಿನಿಂದ ಮತ್ತೆ ನೋಂದಾಯಿಸಿ, ಅವನು ಆಚೆ ಬೀಳುತ್ತಾನೆ. ಅವನು ಪಿನ್ ಇಟ್ಟಿದ್ದರೆ ನೀವು ಒಳಹೋಗಲು ಏಳು ದಿನ ಕಾಯಬೇಕಾಗಬಹುದು, ಆದರೆ ಆ ಏಳು ದಿನ ಅವನೂ ಒಳಗಿರುವುದಿಲ್ಲ.

ಯಾರಿಗೆ ಯಾವುದು

ಒಂದೇ ಫೋನು, ಐದಾರು ಖಾತೆ, ಪಿನ್ ತನ್ನೊಬ್ಬರಿಗೇ ಗೊತ್ತು ಎನ್ನುವವರಿಗೆ ಗೂಗಲ್ಲಿನದು ಮತ್ತು ಪಾಸ್‌ಕೀ ಸಾಕು. ಫೋನೂ ಕಂಪ್ಯೂಟರೂ ಇರುವ ಮನೆ, ಅಂಗಡಿ, ಸ್ಟುಡಿಯೊಗಳಿಗೆ ಬಿಟ್‌ವಾರ್ಡನ್, ಏಜಿಸ್ ಜೋಡಿ. ಕೀಪಾಸ್‌ಡಿಎಕ್ಸ್ ತಾನೇ ಬ್ಯಾಕಪ್ ನೋಡಿಕೊಳ್ಳುವ ಹಟವಾದಿಗೆ. ಇದೊಂದೂ ಆಗದ ಹಿರಿಯರಿಗೆ, ನಗಬೇಡಿ, ನೋಟ್‌ಬುಕ್ಕೇ ಒಳ್ಳೆಯದು. ಬೇರೆ ದೇಶದಲ್ಲಿ ಕೂತ ಕಳ್ಳನಿಗೆ ನಿಮ್ಮ ಮನೆಯ ಗೋಡ್ರೆಜ್ ಬೀರು ಸಿಗುವುದಿಲ್ಲ. ಒಂದೊಂದು ಖಾತೆಗೂ ಬೇರೆ ಪಾಸ್‌ವರ್ಡ್ ಬರೆದ ಪುಸ್ತಕ, ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ನೆನಪಿಟ್ಟ ತಲೆಗಿಂತ ಭದ್ರ. ಪುಸ್ತಕಕ್ಕಿಲ್ಲದ್ದು ವಿಳಾಸ ತಾಳೆ ನೋಡುವ ಗುಣ ಒಂದೇ.

ಕೊನೆಗೆ ಕಾಗದದ ವಿಷಯ, ಯಾವ ಆ್ಯಪ್ ಆರಿಸಿದರೂ ಇದು ಬೇಕು. ಒಂದು ಹಾಳೆಯಲ್ಲಿ ಬರೆಯಬೇಕಾದ್ದು: ಮಾಸ್ಟರ್ ಪಾಸ್‌ವರ್ಡ್ (ಸ್ಪೆಲ್ಲಿಂಗ್ ಸಮೇತ), ಸರ್ವರ್ ಯಾವುದು, 32 ಅಕ್ಷರದ ರಿಕವರಿ ಕೋಡ್, ಗೂಗಲ್ಲಿನ ಹತ್ತು ಬ್ಯಾಕಪ್ ಕೋಡ್, ಏಜಿಸ್ ಬ್ಯಾಕಪ್ಪಿನ ಪಾಸ್‌ವರ್ಡ್. ಇಂಕ್‌ಜೆಟ್ ಪ್ರಿಂಟು ನಮ್ಮ ಮಳೆಗಾಲದ ಥಂಡಿಗೆ ಕಲಸಿಹೋಗುತ್ತದೆ, ಬಾಲ್‌ಪೆನ್ನಿನಲ್ಲಿ ಬರೆಯಿರಿ. ಲ್ಯಾಮಿನೇಶನ್ ಮಾಡಿಸೋಣ ಎಂದು ಜೆರಾಕ್ಸ್ ಅಂಗಡಿಗೆ ಒಯ್ದರೆ ಇಷ್ಟೆಲ್ಲ ಮಾಡಿದ್ದು ದಂಡ. ಜಿಪ್ ಕವರಿನೊಳಗೆ ಹಾಕಿ ಗಾಳಿ ಒತ್ತಿ ತೆಗೆದು, ಪಹಣಿ, ಕ್ರಯಪತ್ರ ಇಡುವ ಪೆಟ್ಟಿಗೆಯಲ್ಲೇ ಇಡಿ. ಗೌರಿಹಬ್ಬದ ಹೊತ್ತಿಗೊಮ್ಮೆ ತೆಗೆದು ಬೂಷ್ಟು ಹಿಡಿದಿದೆಯೇ ನೋಡಿ.